ಕಿಲುಬು ಹಿಡಿದ ಉಸಿರು

ಕಿಲುಬು ತಿಕ್ಕುವ ಕೆಲಸದಲ್ಲಿ ನಗು ಬರುವಂಥದ್ದು ಏನಿರುತ್ತದೆ ಎಂದು ಕೇಳುವವರು ನಮ್ಮ ವರ್ಕ್‌ಶಾಪಿಗೆ ಒಂದು ದಿನ ಬಂದು ಕೂರಬೇಕು. ಅದಿರುವುದು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ಒಂದು ಗೋಡೌನಿನಲ್ಲಿ. ಕಡಲಿಗಿಳಿದು ಡೈವಿಂಗ್ ಮಾಡುವವರು ಬೆನ್ನಿಗೆ ಸಿಲಿಂಡರ್ ಕಟ್ಟಿ, ಬಾಯಲ್ಲಿ ಒಂದು ಸಾಧನ ಕಚ್ಚಿ ಉಸಿರಾಡುತ್ತಾರಲ್ಲ, ಅದಕ್ಕೆ ರೆಗ್ಯುಲೇಟರ್ ಎನ್ನುತ್ತಾರೆ. ಉಪ್ಪುನೀರು ತಾಗಿ ತಾಗಿ ಅದರ ಹಿತ್ತಾಳೆ ಭಾಗಗಳು ಹಸಿರುಗಟ್ಟುತ್ತವೆ. ಅವನ್ನು ಬಿಚ್ಚಿ, ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ, ತೊಳೆದು, ಮತ್ತೆ ಜೋಡಿಸುವವಳು ನಾನು. ಬಿಚ್ಚುವ ತನಕ ಒಳಗೇನಿದೆ ಗೊತ್ತಾಗುವುದಿಲ್ಲ. ಆ ಕುತೂಹಲಕ್ಕೇ ಈ ಕೆಲಸದಲ್ಲಿ ಉಳಿದಿದ್ದೇನೆ. ತಂದುಕೊಡುವ ಜನರೂ ಅಷ್ಟೆ, ಬಾಯಿ ಬಿಡುವ ತನಕ ಗೊತ್ತಾಗುವುದಿಲ್ಲ.

ಎರಡರಲ್ಲೂ ಗಾಳಿಯೇ

ಅಲ್ ಕುಸೈಸಿನಲ್ಲಿ ನಮ್ಮ ಎದುರು ಫ್ಲ್ಯಾಟಿನವರು ಉಳ್ಳಾಲದ ಬ್ಯಾರಿ ಆಂಟಿ. ಲಿಫ್ಟಿನಲ್ಲಿ ಅವರಿಗೆ ನನ್ನ ಗಂಡ ಹೆಮ್ಮೆಯಿಂದ, "ಇವಳು ರೆಗ್ಯುಲೇಟರ್ ರಿಪೇರಿ ಮಾಡ್ತಾಳೆ" ಎಂದುಬಿಟ್ಟರು. ಮರುದಿನ ಆಂಟಿ ಚೀಲದಲ್ಲಿ ತಮ್ಮ ಅಡುಗೆ ಗ್ಯಾಸಿನ ರೆಗ್ಯುಲೇಟರ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

"ಸ್ವಲ್ಪ ಸೋರ್ತದೆ, ನೋಡು ಮಗಾ."

"ಆಂಟಿ, ಇದು ಗ್ಯಾಸಿನದ್ದು. ನಾನು ಮಾಡುವುದು ಸಮುದ್ರದೊಳಗೆ ಉಸಿರಾಡುವವರದ್ದು. ಇದನ್ನು ಗ್ಯಾಸಿನವನಿಗೇ ಕೊಡ್ಬೇಕು."

ಆಂಟಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬೇಕೂಂತಲೇ ಮುಳುಗ್ಲಿಕ್ಕೆ ಹೋಗುವವರನ್ನು ನೀನು ಬದುಕಿಸ್ತಿ. ಅನ್ನ ಬೇಯಿಸುವ ನಾನು ಸತ್ರೆ ಅಡ್ಡಿಲ್ಲ ಅಲ್ವಾ?"

ಎಂಥ ಪೂಲ್ ಅದು?

ಅಬುಧಾಬಿಯಿಂದ ಒಬ್ಬ ಮಂಗಳೂರಿನವರು ಹೆಂಡತಿಯೊಂದಿಗೆ ಬಂದರು. "ಇದನ್ನು ಕಡಲಿಗೆ ಇಳಿಸಿಯೇ ಇಲ್ಲ. ಸ್ವಿಮ್ಮಿಂಗ್ ಪೂಲಿನಲ್ಲಿ ಪ್ರಾಕ್ಟೀಸ್ ಮಾತ್ರ" ಎಂದು ನಾನು ಕೇಳದೆಯೇ ಹೇಳಿದರು. ಹೇಳುವಾಗ ನೋಡಿದ್ದು ಮಾತ್ರ ಹೆಂಡತಿಯ ಮುಖವನ್ನು. ಕಡಲಿಗೆ ಇಳಿಯುವುದಿಲ್ಲ ಎಂದು ಆಕೆಗೆ ಮಾತು ಕೊಟ್ಟಿದ್ದರೆಂದು ಆಮೇಲೆ ತಿಳಿಯಿತು.

ಪೂಲಿನ ನೀರಿಗೆ ಇಷ್ಟೊಂದು ಕಿಲುಬು ಹೇಗೆ ಎಂದು ನನಗೆ ಆಶ್ಚರ್ಯ. ಬಾಯಿಗಿಡುವ ಭಾಗದ ಮುಚ್ಚಳ ಬಿಚ್ಚಿದೆ. ಉಪ್ಪಿನ ಹರಳು, ಮರಳು, ಅದರ ನಡುವೆ ಒಣಗಿದ ಒಂದು ಪುಟ್ಟ ಸಿಗಡಿ, ಮೀಸೆ ಸಮೇತ! ನಾನು ಮೆಲ್ಲ ಮುಚ್ಚಳ ಮುಚ್ಚಲು ನೋಡಿದೆ. ಆಕೆ ಅಷ್ಟರಲ್ಲಿ ಬಗ್ಗಿ ನೋಡಿಯಾಗಿತ್ತು.

ಗಂಡನಿಗೆ ಬೆವರು. ಆಕೆ ಮಾತ್ರ ತಣ್ಣಗೆ ಕೇಳಿದಳು: "ಆ ಪೂಲ್ ಎಲ್ಲಿ ಅಂತ ಹೇಳಿ. ನಾಳೆಯಿಂದ ಮೀನು ಮಾರ್ಕೆಟಿಗೆ ಹೋಗುವುದು ತಪ್ತದೆ."

ಮುದೀರರ ಮೌನ

ನಮ್ಮ ಮ್ಯಾನೇಜರನ್ನು ಎಲ್ಲರೂ ಅರಬಿಯಲ್ಲಿ ಮುದೀರ್ ಎಂದೇ ಕರೆಯುತ್ತೇವೆ. ಕಾಸರಗೋಡಿನವರು, ಮಾತು ನಿಲ್ಲಿಸುವವರಲ್ಲ; ಪ್ರತಿ ಕೆಲಸಕ್ಕೂ "ಖಲಾಸ್ ಆಯ್ತಾ?" ಎಂದು ಕೇಳುತ್ತಲೇ ಇರುತ್ತಾರೆ. ಅಂಥವರು ಒಂದು ಬೆಳಿಗ್ಗೆ ತುಟಿ ಬಿಗಿದುಕೊಂಡು, ಏನು ಕೇಳಿದರೂ ತಲೆಯಾಡಿಸುತ್ತ ಓಡಾಡುತ್ತಿದ್ದರು. ಯಾರ ಕೆಲಸ ಹೋಗುತ್ತದೋ ಎಂದು ಎಲ್ಲರಿಗೂ ಪುಕುಪುಕು.

ಅಷ್ಟರಲ್ಲಿ ಗಿರಾಕಿ, ಬ್ರಿಟಿಷ್ ಹೆಂಗಸೊಬ್ಬರು ತಮ್ಮ ರೆಗ್ಯುಲೇಟರ್ ಕೇಳಿಕೊಂಡು ಬಂದರು. ಸಣ್ಣ ಭಾಗಗಳನ್ನು ನೀರಿನಲ್ಲಿ ಅದುರಿಸಿ ಕಿಲುಬು ಬಿಡಿಸುವ ಒಂದು ಮಿಷನ್ ನಮ್ಮಲ್ಲಿದೆ. ಅದರ ಬುಟ್ಟಿಯನ್ನು ಅವರೆದುರೇ ಎತ್ತಿದೆ. ಥಳಥಳ ಹೊಳೆಯುವ ಹಿತ್ತಾಳೆ ತಿರುಪುಗಳ ಮಧ್ಯೆ ಒಂದು ಪೂರ್ತಿ ಹಲ್ಲುಸೆಟ್ಟು ನಗುತ್ತಿತ್ತು.

ಆ ಹೆಂಗಸು ಗಂಭೀರವಾಗಿ ನೋಡಿ, "ಇದು ನನ್ನದಲ್ಲ. ನನ್ನವೆಲ್ಲ ನನ್ನ ಬಾಯಲ್ಲೇ ಇವೆ" ಎಂದರು.

ಅವರ ಭಾಗಗಳನ್ನೆಲ್ಲ ಮೊದಲಿನಿಂದ ತೊಳೆದುಕೊಡಬೇಕಾಯಿತು. ಮುದೀರ್ ಮೆಲ್ಲ ಬಂದು, ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದರು: "ನನ್ನದು ಖಲಾಫ್ ಆಯ್ತಾ?"

ಟೀಚರಮ್ಮನ ಪರೀಕ್ಷೆ

ಊದ್ ಮೇಥಾದಲ್ಲಿ ಧಾರವಾಡದ ಕಡೆಯ ಒಬ್ಬರು ಹೆಡ್‌ಮಿಸ್ಟ್ರೆಸ್ ಇದ್ದಾರೆ. ನಿವೃತ್ತರಾದ ಮೇಲೆ ಡೈವಿಂಗ್ ಕಲಿತವರು. ಒಂದು ಬೇಸಗೆಯಿಡೀ ರೆಗ್ಯುಲೇಟರನ್ನು ತೊಳೆಯದೆ ಕಾರಿನ ಡಿಕ್ಕಿಯಲ್ಲಿಟ್ಟು, ಕಿಲುಬು ಕಚ್ಚಿದ್ದನ್ನು ತಂದರು. ಬಹಳ ಒದ್ದಾಡಿ ಸರಿಮಾಡಿ ಕೊಟ್ಟೆ.

"ಛಂದ ಆಗೇತಿ. ನೀ ಎಷ್ಟ ಸಲ ಸಮುದ್ರದಾಗ ಮುಳುಗಿಯವಾ?"

"ಒಮ್ಮೆಯೂ ಇಲ್ಲ ಟೀಚರ್. ನನಗೆ ಈಜು ಬರುವುದಿಲ್ಲ."

"ನೀರಿಗೇ ಇಳಿಯದಾಕಿ ನನ್ನ ಉಸಿರು ರಿಪೇರಿ ಮಾಡ್ತೀ? ನಡಿ, ಮೊದಲ ನೀನ ಉಸಿರಾಡಿ ತೋರಸು."

ಮುದೀರ್ ತಡೆಯುತ್ತಾರೆ ಎಂದುಕೊಂಡೆ. ಅವರು "ಯಲ್ಲಾ, ಹೋಗಿ ಬಾ" ಎಂದರು.

ಟೀಚರ ಬಿಲ್ಡಿಂಗಿನ ಪೂಲ್ ನನ್ನ ಎದೆಮಟ್ಟ. ಮಾಸ್ಕ್ ತೊಟ್ಟು, ಸಿಲಿಂಡರ್ ಕಟ್ಟಿ, ಸಾಧನ ಕಚ್ಚಿ, ದೇವರನ್ನೆಲ್ಲ ನೆನೆದು, ಟೀಚರ ಕೈ ಹಿಡಿದುಕೊಂಡೇ ನೀರೊಳಗೆ ಕುಳಿತೆ. ಒಂದು ಉಸಿರು ಎಳೆದೆ, ಗಾಳಿ ಬಂತು. ಇನ್ನೊಂದು ಎಳೆದೆ, ಬಂತು! ನಾನು ತಿಕ್ಕಿದ ಆ ಹಿತ್ತಾಳೆಯೊಳಗಿಂದ ನನಗೇ ಗಾಳಿ ಬರುತ್ತಿತ್ತು. ಹೆದರಿಕೆ ಹೋಗಿ ಅಳು ಬಂದಂತಾಯಿತು.

ಆಗ ಕಣ್ಣಿಗೆ ಬಿದ್ದದ್ದು ಗಾಳಿಯ ಮಟ್ಟ ತೋರಿಸುವ ಗೇಜು. ಅದನ್ನು ಟೀಚರ್ ನನಗೆ ರಿಪೇರಿಗೆ ಕೊಟ್ಟೇ ಇರಲಿಲ್ಲ, ಈಗ ಮನೆಯಲ್ಲಿ ತಾವೇ ರೆಗ್ಯುಲೇಟರಿಗೆ ಸಿಕ್ಕಿಸಿಕೊಂಡಿದ್ದರು. ಅದರ ಕೊಂಡಿಯ ಸುತ್ತ ಹಸಿರು ಕಿಲುಬು, ಅಲ್ಲಿಂದ ಸೋಡಾದ ಹಾಗೆ ಸಣ್ಣ ಗುಳ್ಳೆಗಳು. ಎಲ್ಲಿಂದ ಸೋರುತ್ತಿದೆ? ಅವರ ಕೈ ಬಿಟ್ಟು, ಗೇಜನ್ನು ಎರಡೂ ಕೈಯಲ್ಲಿ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡುತ್ತ ಕುಳಿತುಬಿಟ್ಟೆ.

ಇದ್ದಕ್ಕಿದ್ದಂತೆ ಯಾರೋ ಜಡೆ ಹಿಡಿದು ಮೇಲಕ್ಕೆಳೆದರು. ಟೀಚರ ಮುಖ ಬಿಳುಚಿತ್ತು.

"ಕೈ ಬಿಟ್ಟಿ! ಎಷ್ಟ ಎಳದರೂ ಮ್ಯಾಲೆ ಬರವಲ್ಲಿ! ಹ್ವಾದಿ ಅಂತ ತಿಳದಿದ್ನೆಲ್ಲವಾ!"

ನಾನು ಏದುಸಿರು ಬಿಡುತ್ತ ಹೇಳಿದೆ: "ಇಲ್ಲ ಟೀಚರ್, ನಿಮ್ಮ ಗೇಜಿನ ಕೊಂಡಿಗೆ ಕಿಲುಬು ಹಿಡಿದಿದೆ. ಗಾಳಿ ಸೋರ್ತಾ ಇದೆ. ಅದನ್ನೂ ಬಿಚ್ಚಬೇಕು."

ಅವರು ಗೇಜನ್ನು ನೋಡಿದರು, ನನ್ನನ್ನು ನೋಡಿದರು, ಹಾಗೇ ಮೆಟ್ಟಿಲ ಮೇಲೆ ಕುಸಿದು ಕೂತರು.

"ಪರೀಕ್ಷಾ ಬರಿ ಅಂತ ಕೂಡಿಸಿದ್ರ, ನನ್ನ ಪೇಪರ್‌ನ ತಿದ್ದಿ ಕೊಟ್ಟೆಲ್ಲಾ!"