ಫೌಜುದಾರರ ಮನೆಯ ಒಂದು ತೋಳಿನ ಪೋಲಕ

ಹಬ್ಬದ ಮುಂಚಿನ ಎಂಟು ದಿನಗಳಲ್ಲಿ ದರ್ಜಿಯ ಅಂಗಡಿಯಲ್ಲಿ ಏನಾದರೊಂದು ಆಗದೆ ಇರುವುದಿಲ್ಲ, ಮತ್ತು ಅದು ಹೇಗೋ ನನ್ನ ಅಂಗಡಿಯಲ್ಲೇ ಆಗುತ್ತದೆ. ನಾನು ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬೇರೆಯವರು ಹಾವಿಗೆ, ಚೇಳಿಗೆ ಅಂಜುತ್ತಾರೆ. ನಾನು ಕತ್ತರಿಗೆ ಅಂಜುತ್ತೇನೆ. ದರ್ಜಿಯಾಗಿ ಕತ್ತರಿಗೆ ಅಂಜುವುದೆಂದರೆ ಕಷ್ಟ, ಯಾಕೆಂದರೆ ದಿನಾ ಅದನ್ನೇ ಹಿಡಿಯಬೇಕು.

೧. ಎರಡು ಸಲ ನೋಡಿದ್ದು

ಶಿಗ್ಗಾಂವಿಯ ಪೇಟೆಯಲ್ಲಿ ನಾನು ಅಂಗಡಿ ತೆರೆದು ಆಗ ಮೂರು ತಿಂಗಳಾಗಿತ್ತು. ಟಾಕಿ, ಅಂದರೆ ಮಾತಾಡುವ ಸಿನಿಮಾ, ನಮ್ಮ ಕಡೆ ಹೊಸದು. ಟಾಕಿಯ ನಾಯಕಿ ಹಾಕಿದ್ದಾಳೆಂದು ಆ ದೀಪಾವಳಿಗೆ ಎಲ್ಲರಿಗೂ ಫುಗ್ಗಾ ತೋಳಿನ ಪೋಲಕ ಬೇಕಿತ್ತು. ಪೋಲಕವೆಂದರೆ ಕುಪ್ಪಸವೇ. ಫುಗ್ಗಾ ತೋಳೆಂದರೆ ಹೆಗಲ ಹತ್ತಿರ ಗಾಳಿ ತುಂಬಿದಂತೆ ಉಬ್ಬಿದ ತೋಳು.

ಒಂದು ದಿನ ನಮ್ಮ ಪೇಟೆಯ ಪೊಲೀಸ್ ಠಾಣೆಯ ಫೌಜುದಾರರ ಹೆಂಡತಿ ಬಂದರು. ಹಿಂದೆ ಒಬ್ಬ ಪೊಲೀಸ ನಿಂತಿದ್ದ. ಅವನು ಬರೇ ಗಂಟು ಹಿಡಿದುಕೊಂಡು ಬಂದವನು, ಆದರೆ ನಾನು ಆಗಲೇ ಎದ್ದು ನಿಂತು ಅವನಿಗೂ ಕೈ ಮುಗಿದೆ.

"ಇದು ತವರಿನ ಖಣ. ನಮ್ಮವ್ವ ಕಳಿಸ್ಯಾಳ. ಇಂಥಾದ್ದು ಇನ್ನೊಂದಿಲ್ಲ. ಕೆಡಿಸೀದಿ, ನೋಡು" ಎಂದರು. "ಟಾಕಿ ನೋಡೀಯಿಲ್ಲೋ?"

"ನೋಡೇನ್ರಿ."

"ಖರೇನ?"

"ಎರಡು ಸಲ ನೋಡೇನ್ರಿ."

ನಾನು ಒಂದು ಸಲವೂ ನೋಡಿರಲಿಲ್ಲ. ಅಂಜಿ ಒಂದು ಸುಳ್ಳು ಹೇಳಿದ್ದೆ, ಇನ್ನಷ್ಟು ಅಂಜಿ ಅದನ್ನು ಎರಡು ಮಾಡಿದೆ.

೨. ಡೇರೆಯಲ್ಲಿ

ಖಣವೆಂದರೆ ಒಂದೇ ಕುಪ್ಪಸಕ್ಕೆ ಸಾಲುವಂತೆ ನೇಯ್ದ ತುಂಡು. ನಾಲ್ಕು ಸಲ ಅಳೆದೆ. ಅದರಲ್ಲಿ ಎರಡು ಫುಗ್ಗಾ ಹುಟ್ಟುವಂತಿರಲಿಲ್ಲ, ಒಂದು ಮಾತ್ರ. ಎದುರಿನ ಅಂಗಡಿಯ ಉಸ್ತಾದ ಚಾಚಾ ನಲವತ್ತು ವರ್ಷ ಹೊಲಿದವರು. ನನ್ನ ಮುಖ ನೋಡಿ, "ತಮ್ಮಾ, ನಮ್ಮ ಸವಣೂರಾಗ ಟಾಕಿ ಡೇರೆ ಬಂದೈತಿ. ಮೊದಲ ಹೋಗಿ ನೋಡು, ಆಮ್ಯಾಲೆ ಕತ್ತರಿ ಹಿಡಿ" ಎಂದರು. ಎರಡು ಸಲ ನೋಡಿದವನು ಒಂದು ಸಲವಾದರೂ ನೋಡಬೇಕಲ್ಲ. ಹೋದೆ.

ಡೇರೆ ತುಂಬಿತ್ತು. ಬಾಗಿಲಿನವನು ನನ್ನನ್ನು ಪರದೆಯ ಹಿಂದೆ ಕಳಿಸಿದ. ಪರದೆ ಬಿಳಿ ಬಟ್ಟೆಯದು, ಅದನ್ನು ನೀರಿನಲ್ಲಿ ನೆನೆಸಿರುತ್ತಾರೆ, ಹೀಗಾಗಿ ಚಿತ್ರ ಹಿಂದೆಯೂ ಕಾಣುತ್ತದೆ. ನನ್ನ ಪಕ್ಕದಲ್ಲಿ ಹತ್ತಿಮತ್ತೂರಿನ ರೈತನೊಬ್ಬ ಕುಳಿತಿದ್ದ. ಪರದೆಯ ಮೇಲೆ ನಾಯಕ ಊಟಕ್ಕೆ ಕುಳಿತ.

"ಅಯ್ಯ ಇವನ! ಎಡಗೈಲೆ ಉಣ್ಣಾಕತ್ತಾನಲ್ಲ!" ಎಂದ ರೈತ.

ನಾನು, ಎರಡು ಸಲ ನೋಡಿದವನ ಗತ್ತಿನಲ್ಲಿ, "ಮುಂಬೈ ಕಡೆ ಹಂಗರಿ" ಎಂದೆ.

ಆಮೇಲೆ ನಾಯಕಿ ಬಂದಳು. ಸೆರಗು ಬಲ ಹೆಗಲ ಮೇಲೆ. ಕಾಣುತ್ತಿದ್ದುದು ಎಡತೋಳಿನ ಫುಗ್ಗಾ ಮಾತ್ರ. ಇನ್ನೊಂದು ತೋಳು ಸೆರಗಿನಲ್ಲಿ ಮುಚ್ಚಿತ್ತು. ನನಗೆ ಜೀವ ಬಂದಂತಾಯಿತು. ಮುಚ್ಚಿದ ತೋಳು ಸಪಾಟ ಇದ್ದರೆ ಯಾರಿಗೆ ಗೊತ್ತು? ಒಂದೇ ಫುಗ್ಗಾ ಸಾಕು! ನಮ್ಮ ಪೇಟೆಯ ಹೆಂಗಸರು ಸೆರಗನ್ನು ಎಡ ಹೆಗಲಿಗೆ ಹಾಕುತ್ತಿದ್ದರು, ನಿಜ. ಆದರೆ ಸೆರಗು ಬಲಕ್ಕೆ ಬರುವುದೂ ಹೊಸ ಫ್ಯಾಶನ್ನೇ ಇರಬೇಕೆಂದುಕೊಂಡೆ. ಎಡಗೈಯಲ್ಲಿ ಉಣ್ಣುವ ಮಂದಿ ಏನು ತಾನೇ ಮಾಡಲಿಕ್ಕಿಲ್ಲ?

೩. ಸೆರಗಿನಲ್ಲಿ ಬೆಕ್ಕು

ನೀರು ತುಂಬುವ ಹಬ್ಬದ ದಿನ ಫೌಜುದಾರರ ಮನೆಗೆ ಪೋಲಕ ಒಯ್ದು ಕೊಟ್ಟು ಅಂಗಳದಲ್ಲಿ ನಿಂತೆ. ಕಟ್ಟೆಯ ಮೇಲೆ ಫೌಜುದಾರರು ತಮ್ಮ ಸೊಂಟದ ಪಟ್ಟಾ ತಿಕ್ಕುತ್ತ ಕುಳಿತಿದ್ದರು. ಹೆಂಡತಿ ಪೋಲಕ ತೊಟ್ಟು, ರೂಢಿಯಂತೆ ಎಡಕ್ಕೆ ಸೆರಗು ಹಾಕಿ ಹೊರಗೆ ಬಂದರು.

"ಏನೋ ಇದು? ಕಾಣೋ ತೋಳು ಸಪಾಟ, ಮುಚ್ಚೋ ತೋಳು ಫುಗ್ಗಾ! ಸೆರಗಿನಾಗ ಬೆಕ್ಕು ಮಲಗಿದ್ಹಂಗ ಕಾಣತೈತಿ!"

"ಬಾಯಾರ, ಟಾಕಿಯೊಳಗ ಸೆರಗು ಬಲಕ್ಕ ಇತ್ತರಿ."

"ನಾ ಹುಬ್ಬಳ್ಳ್ಯಾಗ ನೋಡೇನಿ, ಎಡಕ್ಕ ಇತ್ತು. ನೀ ಎಲ್ಲಿ ಕುಂತಿದ್ದಿ?"

"ಪರದೆ ಹಿಂದರಿ."

ಅವರು ಹಣೆ ಬಡಿದುಕೊಂಡರು. "ಹಿಂದ ಕುಂತ್ರ ಎಡಾ ಬಲಾ ಉಲ್ಟಾ ಕಾಣತೈತಲ್ಲೋ, ಖೋಡಿ!"

ತೋಳು ಬಿಚ್ಚಿ ಅದಲು ಬದಲು ಮಾಡೋಣವೆಂದರೆ, ಎರಡಕ್ಕೂ ಕಂಕುಳನ್ನು ಬೇರೆ ಬೇರೆ ಅಳತೆಗೆ ಕತ್ತರಿಸಿದ್ದೆ. ಖಣದಲ್ಲಿ ಚೂರೂ ಉಳಿದಿರಲಿಲ್ಲ. ಪಾಡ್ಯದ ದಿನ ಅವರು ಇದನ್ನೇ ತೊಟ್ಟು ಅರಿಶಿನ ಕುಂಕುಮಕ್ಕೆ ಹೋಗಬೇಕಿತ್ತು. ನನ್ನ ಅಂಗಡಿ ಮುಗಿಯಿತು ಎಂದುಕೊಂಡೆ. ಫೌಜುದಾರರು ಪಟ್ಟಾ ಕೆಳಗಿಟ್ಟು, ಹಬ್ಬ ಮುಗಿದ ಮೇಲೆ ನೋಡಿಕೊಳ್ಳುವುದಾಗಿ ಹೇಳಿದರು. ಆಮೇಲೆ ಏನೋ ನೆನಪಾದಂತೆ, "ಅಲ್ಲೋ, ಎರಡು ಸಲ ನೋಡೇನಿ ಅಂದಿದ್ದೆಂತ. ಎರಡೂ ಸಲ ಹಿಂದ ಕುಂತಿದ್ದೇನು?" ಎಂದು ಕೇಳಿದರು.

"ಹೌದ್ರಿ" ಎಂದೆ. ಮತ್ತೇನು ಹೇಳಲಿ?

೪. ಹಬ್ಬ ಮುಗಿದ ಮೇಲೆ

ಆ ಹಬ್ಬದ ಹೋಳಿಗೆಯನ್ನು ನಾನು ಬಾಗಿಲು ಹಾಕಿಕೊಂಡೇ ತಿಂದೆ. ಪಟಾಕಿ ಹಾರಿದರೆ ಬಂದೂಕು ಎನಿಸುತ್ತಿತ್ತು. ಪಾಡ್ಯದ ಮರುದಿನ ಮುಂಜಾನೆ ಬೂಟಿನ ಸಪ್ಪಳ ಕೇಳಿ ಮಶೀನಿನ ಕೆಳಗೆ ಕುಳಿತೆ.

"ಹೊರಗ ಬಾ" ಎಂದರು ಫೌಜುದಾರರು.

ಬಂದೆ. ನನ್ನ ಕೈಯಲ್ಲಿ ಒಂದು ಗಂಟಿತ್ತು.

"ಏನದು?"

"ಎರಡು ಧೋತರ, ಒಂದು ಅಂಗಿರಿ. ಜೇಲಿಗೆ ಬೇಕಾಗ್ತಾವಲ್ಲರಿ."

ಅವರು ಗಂಟನ್ನು ಕಸಿದು ಮಶೀನಿನ ಮೇಲಿಟ್ಟರು. ಆಮೇಲೆ ನಡೆದದ್ದನ್ನು ಹೇಳಿದರು. ಅವರ ಹೆಂಡತಿಗೆ ತವರಿನ ಖಣವನ್ನು ಪೆಟ್ಟಿಗೆಯಲ್ಲಿಡಲು ಮನಸ್ಸಾಗಿರಲಿಲ್ಲ. ಸೆರಗನ್ನು ಬಲಕ್ಕೆ ಹೊರಳಿಸಿ, ಎಡತೋಳಿನ ಫುಗ್ಗಾ ಕಾಣುವಂತೆ ಅರಿಶಿನ ಕುಂಕುಮಕ್ಕೆ ಹೋಗಿದ್ದರು. ಯಾರೋ ಇದೇನೆಂದು ಕೇಳಿದಾಗ, ಸೋಲಬಾರದೆಂದು, "ಮುಂಬೈದಾಗ ಈಗ ಹಿಂಗ. ಒಂದ ತೋಳು, ಬಲ ಸೆರಗು" ಎಂದುಬಿಟ್ಟಿದ್ದರು.

"ಈಗ ಮನ್ಯಾಗ ಏಳು ಮಂದಿ ಹೆಂಗಸರು ಖಣ ಹಿಡಕೊಂಡು ಕುಂತಾರ" ಎಂದರು ಫೌಜುದಾರರು. "ನನಗ ಚಹಾ ಕೊಡವರಿಲ್ಲ. ಎಲ್ಲಾ ನೀನ ಹೊಲೀಬೇಕು. ಊರು ಬಿಟ್ಟು ಓಡೀದಿ, ಹಿಡಕೊಂಡು ಬರ್ತೇನಿ."

ನನ್ನ ಅಂಗಡಿ ಉಳಿಯಿತು. ಅಂಜಿಕೆಯೂ ಉಳಿಯಿತು, ಯಾಕೆಂದರೆ ಏಳು ಖಣವೆಂದರೆ ಕತ್ತರಿಯ ಕೆಲಸವೂ ಏಳು ಪಟ್ಟು.

ಸಂಜೆಗೆ ಉಸ್ತಾದ ಚಾಚಾ ದೊಡ್ಡ ಗಂಟೊಂದನ್ನು ಹೊತ್ತು ನನ್ನ ಅಂಗಡಿಗೆ ಬಂದು, ಬಾಗಿಲು ಅರ್ಧ ಎಳೆದುಕೊಂಡರು. ಗಂಟಿನ ತುಂಬ ಅವರೇ ಹಬ್ಬಕ್ಕೆ ಹೊಲಿದುಕೊಟ್ಟ ಪೋಲಕಗಳಿದ್ದವು. ಎಲ್ಲವಕ್ಕೂ ಎರಡೂ ತೋಳು ಚಂದವಾಗಿ ಉಬ್ಬಿದ್ದವು.

"ಎಲ್ಲಾರೂ ತಿರುಗಿ ತಂದು ಒಗದಾರ" ಎಂದರು. "ಮುದುಕಾ, ಎರಡೂ ತೋಳು ಫುಗ್ಗಾ ಮಾಡೀದಿ, ಹೊರಗ ಮುಖ ಹೆಂಗ ತೋರಸೂಣು ಅಂತ ಬೈಯಾಕತ್ತಾರ. ಒಂದೊಂದು ತೋಳಿನ ಗಾಳಿ ತೆಗೀಬೇಕು."

"ತೆಗೀರಿ ಚಾಚಾ, ನಿಮಗೇನು ದೊಡ್ಡದು?" ಎಂದೆ.

ಚಾಚಾ ಬೀದಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಯಾವ ತೋಳು ಅಂತ ನೀ ತೋರಸು ತಮ್ಮಾ. ಬರೋಬ್ಬರಿ ಹೊಲಿಯೋದು ನಲವತ್ತು ವರ್ಷದಾಗ ಕಲತೇನಿ. ತಪ್ಪು ಹೊಲಿಯೋದು ನನಗ ಯಾರೂ ಕಲಿಸಿಲ್ಲ."