ಟೋಕಿಯೋ ವಯಾ ಯಲಬುರ್ಗಾ

ಜಪಾನಿನಲ್ಲಿ ಒಂದು ರೈಲು ಇಪ್ಪತ್ತು ಸೆಕೆಂಡು ಮೊದಲೇ ಹೊರಟುಬಿಟ್ಟಿತೆಂದು ಕಂಪನಿಯವರು ಪ್ರಯಾಣಿಕರ ಕ್ಷಮೆ ಕೇಳಿದ ಸುದ್ದಿಯನ್ನು ಹಾಲೇಶ ಯಾವತ್ತೋ ಪೇಪರಿನಲ್ಲಿ ಓದಿದ್ದ. ಅವತ್ತಿನಿಂದ ಅವನ ನೆಮ್ಮದಿ ಹೋಯಿತು. ಅವನು ಕುಷ್ಟಗಿ ಬಸ್‌ಸ್ಟ್ಯಾಂಡಿನ ಕಂಟ್ರೋಲರ್. ‘ಬಸ್ ಯಾವಾಗ್ರಿ?’ ಎಂದು ಕೇಳಿದವರಿಗೆಲ್ಲ ಇಪ್ಪತ್ತೇಳು ವರ್ಷಗಳಿಂದ ‘ಈಗ ಬರ್ತೈತ್ರಿ’ ಎಂದು ಹೇಳುತ್ತ ಬಂದವನು. ಆ ‘ಈಗ’ ಎಂಬುದರೊಳಗೆ ಜನರು ಚಹಾ ಕುಡಿದು, ಒಂದು ನಿದ್ದೆ ತೆಗೆದು, ಕೆಲವೊಮ್ಮೆ ಮಕ್ಕಳ ಮದುವೆ ಮಾತುಕತೆಯನ್ನೂ ಮುಗಿಸುತ್ತಿದ್ದರು. ಇಪ್ಪತ್ತು ಸೆಕೆಂಡಿಗೆ ತಲೆಬಾಗುವ ಜನರೂ ಇದ್ದಾರೆಂದ ಮೇಲೆ, ಅವರ ಪ್ಲಾಟ್‌ಫಾರ್ಮಿನ ಮೇಲೆ ಒಮ್ಮೆಯಾದರೂ ನಿಂತು ಬರಬೇಕೆಂದು ಅವನು ನಿಶ್ಚಯಿಸಿದ.

ಹೈವೇ ಪಕ್ಕದ ಸೈಟು ಒಳ್ಳೆಯ ಬೆಲೆಗೆ ಹೋದದ್ದೇ ತಡ, ಪಾಸ್‌ಪೋರ್ಟುಗಳು ಬಂದವು. ಮಗಳು ಅಮೃತಾ ಹನ್ನೊಂದು ದಿನದ ಪಟ್ಟಿ ಮಾಡಿದಳು: ಟೋಕಿಯೋ, ಕ್ಯೋಟೋ, ನಾರಾ, ಒಸಾಕಾ. ಹುಬ್ಬಳ್ಳಿಯ ಪ್ರವಾಸ ಕಚೇರಿಯವರು ನಾಲ್ಕು ಸೀಟು ಹಿಡಿದಿಟ್ಟರು. ಭಾನುವಾರ ಸಂಜೆ ಏಳರೊಳಗೆ ನಾಲ್ವರೂ ಫಾರಮ್ಮಿಗೆ ಸಹಿ ಮಾಡಿ, ಪಾಸ್‌ಪೋರ್ಟಿನ ಜೊತೆ ಫೋಟೋ ಹೊಡೆದು ಕಳಿಸಬೇಕು. ಹೆಸರು ಯಾರದಾದರೂ ಸರಿ, ಒಂದು ಸಹಿ ಕಡಿಮೆ ಬಿದ್ದರೂ ನಾಲ್ಕೂ ಸೀಟು ಬೇರೆಯವರ ಪಾಲು.

ಹಾಲೇಶನಿಗೆ ಜಪಾನಿನ ಬಗ್ಗೆ ಅನುಮಾನವಿರಲಿಲ್ಲ, ಅನುಮಾನವೆಲ್ಲ ಮನೆಯವರ ಬಗ್ಗೆ. ಹೆಂಡತಿ ಭವಾನಿ ಬೀಗ ಹಾಕಿ ಬೀದಿಯ ತುದಿವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ನೋಡಲು ವಾಪಸ್ಸು ಬರುವವಳು. ಅಮೃತಾ ಕನ್ನಡಿಯ ಮುಂದೆ ನಿಂತರೆ ಕನ್ನಡಿಗೇ ಬೇಸರವಾಗಬೇಕು. ಇನ್ನು ತಾಯಿ ಮುದುಕಮ್ಮ, ದಾರಿಯಲ್ಲಿ ಎದುರಾದವರ ಮೂರು ತಲೆಮಾರಿನ ಕ್ಷೇಮ ವಿಚಾರಿಸದೆ ಹೆಜ್ಜೆ ಕೀಳುವವಳಲ್ಲ. ಅಲ್ಲಿನ ರೈಲುಗಳ ಬಾಗಿಲು ಒಂದೇ ನಿಮಿಷ ತೆರೆದಿರುತ್ತದಂತೆ. ತನ್ನ ತಾಯಿ ಕ್ಯೋಟೋದ ಪ್ಲಾಟ್‌ಫಾರ್ಮಿನಲ್ಲೇ ಉಳಿದುಹೋದ ಹಾಗೆ ಹಾಲೇಶನಿಗೆ ಎರಡು ಸಲ ಕನಸು ಬಿದ್ದಿತ್ತು.

ಹಾಗಾಗಿ ಅವನು ಅದೇ ಭಾನುವಾರ ಒಂದು ರಿಹರ್ಸಲ್ ಇಟ್ಟ. ಕುಷ್ಟಗಿಯೇ ಟೋಕಿಯೋ, ಯಲಬುರ್ಗಾ ಕ್ಯೋಟೋ, ಕೊಪ್ಪಳ ನಾರಾ, ಗಂಗಾವತಿ ಒಸಾಕಾ. ನಾಲ್ಕು ಬಸ್ಸು ಹಿಡಿದು ಸಂಜೆ ಐದಕ್ಕೆ ಮರಳಿ ಮನೆ. ಹೆಂಗಸರಿಗೆ ಬಸ್ಸು ಪುಕ್ಕಟೆ, ಅವನಿಗೆ ನೌಕರಿಯ ಪಾಸು. ಇಷ್ಟು ಸೋವಿಯಲ್ಲಿ ಜಪಾನ್ ಸುತ್ತಿದವರು ಬೇರೆ ಯಾರೂ ಇರಲಾರರು. ಹಿಂದಿನ ದಿನವೇ ಒಂದು ಹಾಳೆಯ ಮೇಲೆ ನಿಯಮಗಳನ್ನು ಬರೆದ. ಬಸ್ಸಿನೊಳಗೆ ಕೂಗಾಡಬಾರದು. ಫೋನಿನ ಸದ್ದು ತೆಗೆದು ಚೀಲದೊಳಗಿಡಬೇಕು. ಅಲ್ಲಿ ಕಸದ ಡಬ್ಬಿಗಳಿರುವುದಿಲ್ಲವಾದ್ದರಿಂದ ಕಸ ಕೈಯಲ್ಲೇ ಇರಬೇಕು. ಉಪಕಾರ ಮಾಡಿದವರಿಗೆ ಸೊಂಟ ಬಗ್ಗಿಸಿ ನಮಸ್ಕರಿಸಬೇಕು, ತಪ್ಪಾದರೆ ಅದೇ ರೀತಿ ಬಗ್ಗಿ ‘ಸುಮಿಮಾಸೆನ್’ ಎನ್ನಬೇಕು. ಕೊನೆಯದನ್ನು ಮಾತ್ರ ಹಸಿರು ಶಾಯಿಯಲ್ಲಿ ಬರೆದ: ‘ಒಂದು ಬಸ್ ತಪ್ಪಿಸಿಕೊಂಡವರಿಗೆ ಜಪಾನ್ ಇಲ್ಲ.’

“ಫಾರಮ್ಮಿಗೆ ಸಹಿ ಈಗ ಬ್ಯಾಡ. ನಾಳೆ ಪಾಸಾದವರು ಅಷ್ಟ ಸಹಿ ಮಾಡ್ಲಿ,” ಎಂದ.

ಮುದುಕಮ್ಮ ಕನ್ನಡಕ ಏರಿಸಿ ಹಾಳೆಯನ್ನು ಪೂರ್ತಿ ಓದಿದಳು. “ಈ ರೂಲು ಎಲ್ಲಾರಿಗೂ ಏನೋ, ಹಾಲ್ಯಾ?”

“ಎಲ್ಲಾರಿಗೂ ಅವ್ವಾ. ಜಪಾನಿನಾಗ ದೊಡ್ಡವರು ಸಣ್ಣವರು ಅನ್ನೂದಿಲ್ಲ.”

“ಹಂಗಾರ ಈ ಹಾಳಿಗೆ ಮೊದಲ ನೀ ಹಾಕು ಸಹಿ.”

ಹಾಲೇಶ ಸ್ಟ್ಯಾಂಡಿನಲ್ಲಿ ಬಸ್ಸು ಬಿಡುವ ಹಾಳೆಗೆ ಹಾಕುವಷ್ಟೇ ಗತ್ತಿನಿಂದ ಸಹಿ ಹಾಕಿದ. ಉಳಿದವರೂ ಹಾಕಿದರು.

ಬೆಳಿಗ್ಗೆ ನಿಜವಾದ ಪ್ರವಾಸದಂತೆಯೇ ಸೂಟ್‌ಕೇಸ್, ಪಾಸ್‌ಪೋರ್ಟಿನ ಚೀಲ ಹೊತ್ತು ಹೊರಬಿದ್ದಾಗ ಪಕ್ಕದ ಮನೆಯ ಖೈರುನಬಿ ಕೈಚೀಲ ಹಿಡಿದು ಕಟ್ಟೆಯ ಮೇಲೆ ಸಿದ್ಧವಾಗಿ ಕುಳಿತಿದ್ದಳು. ಹಜ್ ಮಾಡಿ ಬಂದವಳು, ಬಟ್ಟೆ ಅಂಗಡಿಯ ಯಜಮಾನಿ. ಆ ಓಣಿಯಲ್ಲಿ ವಿಮಾನ ಹತ್ತಿದವಳು ಅವಳೊಬ್ಬಳೇ.

“ಹಾಲೇಶಣ್ಣಾ, ನಾನೂ ಬರ್ತೀನಿ. ಬೆಲ್ಟ್ ಕಟ್ಟೂದು, ಲೈನ್ ಹಚ್ಚೂದು ಇವರಿಗೆ ಯಾರು ಕಲಸ್ತಾರ? ನಿನಗೂ ಏನೂ ಗೊತ್ತಿಲ್ಲ,” ಎಂದಳು. ಆಕೆಗೆ ಬೇಡವೆನ್ನುವ ಧೈರ್ಯ ಆ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ಮೊದಲ ಬಸ್ಸಿನಲ್ಲಿ ಎಲ್ಲರೂ ಬಾಯಿ ಬಿಗಿದು ಕುಳಿತರು. ಮುದುಕಮ್ಮ ಮಾತ್ರ ಬರೀ ಕೈಸನ್ನೆಯಲ್ಲೇ ಪಕ್ಕದ ಹೆಂಗಸಿನ ತವರು, ಗಂಡನ ಮನೆ, ಎರಡು ಹೆರಿಗೆಯ ವಿವರ ತಿಳಿದುಕೊಂಡಳು. ಎಲ್ಲರೂ ಶೇಂಗಾ ತಿಂದರು. ಸಿಪ್ಪೆ ಎಸೆಯುವ ಹಾಗಿಲ್ಲವಾದ್ದರಿಂದ ಅದು ಹಾಲೇಶನ ಕೈಯ ಚೀಲಕ್ಕೆ ಬಿತ್ತು.

ಯಲಬುರ್ಗಾದಲ್ಲಿ ಇಳಿದು ಐದು ನಿಮಿಷ ಕಳೆದಿರಲಿಲ್ಲ, ಮುದುಕಮ್ಮ ಕಾಣೆಯಾದಳು. ಗಡಿಯಾರವಿಲ್ಲದ ಮನೆಯಲ್ಲಿ ಬೆಳಗಿನ ಮೊದಲ ಬಸ್ಸಿನ ಸದ್ದು ಕೇಳಿ ಹಾಲೇಶನನ್ನು ಚಿಕ್ಕಂದಿನಲ್ಲಿ ಸಾಲೆಗೆ ಎಬ್ಬಿಸುತ್ತಿದ್ದವಳು ಅವಳು. ಅವಳನ್ನು ಬಿಟ್ಟು ಜಪಾನಿಗೆ ಹೋಗುವುದೆಂದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಹಾಳೆಯ ಮೇಲೆ ಆ ಕೊನೆಯ ನಿಯಮ ಯಾಕಾದರೂ ಬರೆದೆನೋ ಎಂದು ಬೈದುಕೊಳ್ಳುತ್ತ ಚಹಾದಂಗಡಿ, ಗುಡಿ, ಹೂವಿನ ಸಾಲು ಎಲ್ಲ ಹುಡುಕಿ ಬೆವರು ಸುರಿಸುತ್ತ ಬಂದರೆ, ಅವಳು ಕೊಪ್ಪಳದ ಬಸ್ಸಿನ ಮೊದಲ ಸೀಟಿನಲ್ಲಿ ಕುಳಿತಿದ್ದಾಳೆ.

“ಎಲ್ಲಿಗೆ ಹೋಗಿದ್ದ್ಯೋ? ಬಸ್ಸು ಬಿಡಾಕತ್ತಿತ್ತು. ನಮ್ಮ ಹುಡುಗ ಬರಬೇಕು ಅಂತ ನಾನ ನಿಲ್ಲಿಸೀನಿ,” ಎಂದಳು. ಹಾಲೇಶ ಬೆವರು ಒರೆಸಿಕೊಂಡು ಹತ್ತಿದ.

ಕೊಪ್ಪಳದಲ್ಲಿ ಅವನು ನಮಸ್ಕಾರದ ಪಾಠ ತೋರಿಸಲು ಹೋದ. ಸೂಟ್‌ಕೇಸ್ ಇಳಿಸಿಕೊಟ್ಟ ಒಬ್ಬ ಹಿರಿಯರ ಮುಂದೆ ಸೊಂಟ ಬಗ್ಗಿಸಿ, ಮನಸ್ಸಿನಲ್ಲಿ ಐದರವರೆಗೆ ಎಣಿಸುತ್ತ ನಿಂತ. ಮೂರು ಎನ್ನುವಷ್ಟರಲ್ಲಿ ಯಾರೋ, “ಹಿಡೀರಿ, ತಲಿ ತಿರುಗೇತಿ,” ಎಂದರು. ಕೊಪ್ಪಳದ ಜನ ಉಪಕಾರಕ್ಕೆ ಹಿಂದೆಮುಂದೆ ನೋಡುವವರಲ್ಲ. ಒಬ್ಬ ರಟ್ಟೆ ಹಿಡಿದು ಮಲಗಿಸಿದ, ಇನ್ನೊಬ್ಬ ಮುಖಕ್ಕೆ ಸೋಡಾ ಹೊಡೆದ, ಉಳ್ಳಾಗಡ್ಡಿ ಮಾರುವವನು ಒಂದು ಈರುಳ್ಳಿಯನ್ನು ಜಜ್ಜಿ ಮೂಗಿಗೆ ಹಿಡಿದ, ಮೂರ್ಛೆರೋಗವೆಂದುಕೊಂಡ ಮತ್ತೊಬ್ಬ ಕೈಯೊಳಗೆ ಅಂಗಡಿಯ ಬೀಗದ ಕೈಗೊಂಚಲು ತುರುಕಿದ.

“ನನಗೇನೂ ಆಗಿಲ್ರಿ, ಇದು ಜಪಾನ್,” ಎಂದು ಹಾಲೇಶ ಒದರಿದ.

“ಪಾಪ, ಬಡಬಡಸಾಕತ್ಯಾನ,” ಎಂದು ಉಳ್ಳಾಗಡ್ಡಿಯವನು ಇನ್ನಷ್ಟು ಒತ್ತಿ ಹಿಡಿದ.

ಅಷ್ಟರಲ್ಲಿ ಗಂಗಾವತಿ ಬಸ್ಸು ಹೊರಟಿತು. ಖೈರುನಬಿ ಗುಂಪನ್ನು ಸೀಳಿಕೊಂಡು ಬಂದು, “ಸರೀರಿ, ಇವ ನಮ್ಮವ,” ಎಂದು ಅವನ ಕಾಲರ್ ಹಿಡಿದು ಎಬ್ಬಿಸಿದಳು. ಹಜ್‌ನಲ್ಲಿ ಲಕ್ಷಾಂತರ ಜನರ ನಡುವೆ ದಾರಿ ಮಾಡಿಕೊಂಡವಳಿಗೆ ಇದು ಲೆಕ್ಕಕ್ಕಿರಲಿಲ್ಲ. ಬಾಗಿಲಲ್ಲಿ ಭವಾನಿ ಒಂದು ಕೈ, ಅಮೃತಾ ಒಂದು ಕೈ ಹಿಡಿದು ಅವನನ್ನು ಮೂಟೆಯಂತೆ ಮೇಲೆಳೆದುಕೊಂಡರು. ಕೈಗೊಂಚಲು ಮಾತ್ರ ಅವನ ಮುಷ್ಟಿಯಲ್ಲೇ ಉಳಿದಿತ್ತು. ಅದನ್ನು ಕಿಟಕಿಯಿಂದ ಎಸೆದು, “ಸುಮಿಮಾಸೆನ್,” ಎಂದ.

ಎರಡು ಸಲ ಕೂದಲೆಳೆಯಲ್ಲಿ ಪಾರಾದವನು ಒಸಾಕಾದಲ್ಲಿ, ಅಂದರೆ ಗಂಗಾವತಿಯಲ್ಲಿ, ಎಚ್ಚರವಾದ. ಕುಷ್ಟಗಿಯ ಮೂರು ಹತ್ತರ ಬಸ್ಸಿಗೆ ಕಾಲು ಗಂಟೆ ಮೊದಲೇ ನಾಲ್ವರು ಹೆಂಗಸರನ್ನೂ ಹತ್ತಿಸಿ, ಸಾಲಾಗಿ ಕೂರಿಸಿ, ಪಾಸ್‌ಪೋರ್ಟಿನ ಚೀಲ ಭವಾನಿಯ ಮಡಿಲಲ್ಲಿರುವುದನ್ನು ನೋಡಿ ತೃಪ್ತಿಪಟ್ಟ. ಇನ್ನು ಉಳಿದದ್ದು ಶೇಂಗಾ ಸಿಪ್ಪೆಯ ಚೀಲ. ಅಷ್ಟು ಹೊತ್ತಿಗೆ ಅದು ಸಣ್ಣ ದಿಂಬಿನಷ್ಟಾಗಿತ್ತು. ಯಾರಿಗೂ ಕಾಣದಂತೆ ಎಲ್ಲಾದರೂ ಸುರಿದು ಬರೋಣವೆಂದು ಇಳಿದ.

ಅಲ್ಲಿನ ಕಂಟ್ರೋಲರ್ ಗಾಳೇಶ ಹಳೆಯ ದೋಸ್ತ. ಕಂಡ ಕೂಡಲೇ ಕುರ್ಚಿಯಿಂದ ಎದ್ದ. “ಬಾರಪ್ಪಾ ಹಾಲೇಶ, ದೇವರು ಬಂದಂಗ ಬಂದಿ. ಎರಡು ನಿಮಿಷ ಕುಂದ್ರು, ಒಂದು ಚಾ ಕುಡದು ಬರ್ತೀನಿ.”

ಕುರ್ಚಿಯ ಮೇಲೆ ಕುಳಿತದ್ದೇ ತಡ, ಹಾಲೇಶ ಬೇರೆಯೇ ಮನುಷ್ಯನಾದ. ಎದುರಿಗೆ ಮೈಕು, ಮೇಲೆ ಗಡಿಯಾರ, ಕಿಟಕಿಯಲ್ಲಿ ಪ್ರಶ್ನೆಗಳು. ಮೂರೂ ಎಂಟಕ್ಕೆ ಕುಷ್ಟಗಿ ಬಸ್ಸಿನ ಕಂಡಕ್ಟರ್ ಹಾಳೆ ತಂದ. ಹಾಲೇಶ ಹಸಿರು ಶಾಯಿಯಲ್ಲಿ ಸಹಿ ಮಾಡಿದ. ಮೂರೂ ಒಂಬತ್ತಕ್ಕೆ ಹೊರಗೆ ಬಂದು ನಿಂತು, ಭಾನುವಾರವೂ ಕಿಸೆ ಬಿಡದ ಸೀಟಿಯನ್ನು ತೆಗೆದ. ಸೆಕೆಂಡಿನ ಮುಳ್ಳು ಹನ್ನೆರಡನ್ನು ಮುಟ್ಟಿತು. ಊದಿದ.

ಬಸ್ಸು ಹೊರಟಿತು. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಒಂದು ಸೆಕೆಂಡೂ ಆಚೀಚೆಯಾಗದೆ ಹೊರಟ ಮೊದಲ ಬಸ್ಸು ಅದು. ಹಾಲೇಶನ ಕಣ್ಣು ತುಂಬಿ ಬಂತು. ಕಿಟಕಿಯಿಂದ ಯಾರೋ ಮುದುಕಿ ಕೈ ಬೀಸಿದಂತಾಯಿತು. ಇವನೂ ಕೈ ಬೀಸಿದ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಜಪಾನಿನ ಅಧಿಕಾರಿಯಂತೆ ನೆಟ್ಟಗೆ ನಿಂತು ನೋಡಿದ. ಆಮೇಲೆ ತನ್ನ ಎಡಗೈಯಲ್ಲಿರುವ ಸಿಪ್ಪೆಯ ಚೀಲವನ್ನು ನೋಡಿದ.

ಫೋನು ಮಾಡಿದರೆ ಒಬ್ಬರೂ ಎತ್ತಲಿಲ್ಲ. ಎಲ್ಲರ ಫೋನೂ ಸದ್ದಿಲ್ಲದೆ ಚೀಲದೊಳಗಿದ್ದವು. ಗಾಳೇಶ ಎರಡು ನಿಮಿಷ ಹೇಳಿದವನು ಅರ್ಧ ಗಂಟೆಗೆ ಬಂದ.

“ನಾಕು ಗಂಟೆ ಬಸ್ಸು ಯಾವಾಗಪ್ಪಾ?” ಎಂದು ಹಾಲೇಶ ಕೇಳಿದ.

“ಈಗ ಬರ್ತೈತಿ ತಗೋ.”

ಆ ಮಾತಿನ ಬೆಲೆ ಹಾಲೇಶನಿಗಿಂತ ಚೆನ್ನಾಗಿ ಗೊತ್ತಿದ್ದವರು ಜಿಲ್ಲೆಯಲ್ಲಿ ಯಾರೂ ಇರಲಿಲ್ಲ. ಆದರೂ ನಂಬಿ ಕುಳಿತ. ಖಾಸಗಿ ಕ್ರೂಸರ್ ಜೀಪಿನವರು ಕರೆದರು. ಬಸ್ಸಿನ ನೌಕರನಾಗಿ ಆ ಜೀಪು ಹತ್ತುವುದು ಮರ್ಯಾದೆಗೆ ಒಗ್ಗಲಿಲ್ಲ. ನಾಲ್ಕರ ಬಸ್ಸು ಐದೂವರೆಗೆ ಬಂತು, ತಾವರಗೇರಾದ ಹತ್ತಿರ ಪಂಕ್ಚರ್ ಆಯಿತು. ಮನೆಯ ಬಾಗಿಲು ಮುಟ್ಟಿದಾಗ ಏಳೂ ನಲವತ್ತು.

ಒಳಗೆ ನಾಲ್ವರೂ ಚಹಾ ಕುಡಿಯುತ್ತಿದ್ದರು.

“ಫಾರಂ?” ಎಂದ ಹಾಲೇಶ.

“ಆರೂ ಐವತ್ತೈದಕ್ಕ ಕಳಿಸಿದ್ವಿ ಅಪ್ಪಾ,” ಎಂದಳು ಅಮೃತಾ. “ನಿನ್ನ ಮೂವತ್ತು ಮಿಸ್ಡ್ ಕಾಲ್ ನೋಡಿ ತಿರುಗಿ ಮಾಡಿದ್ರ ನಿನ್ನ ಫೋನ ಸತ್ತಿತ್ತು. ಹಾದಿ ಕಾಯ್ಕೋತ ಕುಂತ್ವಿ. ನಾಕನೇ ಸಹಿ ಇಲ್ಲಂದ್ರ ಎಲ್ಲಾರ ಸೀಟೂ ಹೋಗ್ತಿದ್ವು. ಖೈರುನಬಿ ಅತ್ತಿದು ಪಾಸ್‌ಪೋರ್ಟ್ ಇತ್ತು.”

“ನನ್ನ ಪಾಲಿನ ಖರ್ಚು ನಾ ಕೊಡ್ತೀನಿ, ಹಾಲೇಶಣ್ಣಾ,” ಎಂದಳು ಖೈರುನಬಿ, ಬಹಳ ಮೆತ್ತಗೆ.

ಹಾಲೇಶ ಕುರ್ಚಿಗೆ ಒರಗಿದ. “ಬಸ್ಸು ಬಿಡಾಕತ್ತಾಗ ಒಂದು ಕೂಗು ಹಾಕಬಾರದೇನ, ಭವಾನಿ?”

“ಬಸ್ಸಿನಾಗ ಕೂಗಬಾರದು ಅಂತ ನೀವ ಬರದಿದ್ರಿ,” ಎಂದಳು ಭವಾನಿ. “ಅದೂ ಅಲ್ಲದ ಸೀಟಿ ಊದಿದವರೂ ನೀವ, ಕೈ ಬೀಸಿದವರೂ ನೀವ. ಡ್ಯೂಟಿಗೆ ಕರದಾರೇನೋ ಅನ್ಕೊಂಡ್ವಿ.”

ಮುದುಕಮ್ಮ ಕನ್ನಡಕ ಏರಿಸಿ ಹಸಿರು ಶಾಯಿಯ ಹಾಳೆಯನ್ನು ಮಗನ ಮುಂದೆ ಇಟ್ಟಳು. ಹಾಲೇಶ ತನ್ನ ಸಹಿಯನ್ನು ನೋಡಿದ. ಅವನಿಗೆ ಹೊಟ್ಟೆ ಉರಿಯಿತು. ಆದರೆ ನಾಲ್ಕು ಊರು, ನಾಲ್ಕು ಬಸ್ಸು, ಒಂದನ್ನೂ ತಪ್ಪಿಸಿಕೊಳ್ಳದ ಇವರನ್ನು ಮೆಚ್ಚದಿರಲು ಅವನಿಂದ ಆಗಲಿಲ್ಲ. ಇಂಥ ಪ್ರಯಾಣಿಕರು ಸಿಕ್ಕಿದ್ದರೆ ಕುಷ್ಟಗಿ ಎಂದೋ ಟೋಕಿಯೋ ಆಗುತ್ತಿತ್ತು.

ಅಷ್ಟರಲ್ಲಿ ನಾಲ್ವರೂ ಎದ್ದು, ಸೆರಗು ಸರಿಪಡಿಸಿಕೊಂಡು, ಅವನ ಮುಂದೆ ಸಾಲಾಗಿ ನಿಂತರು. ಸೊಂಟ ಬಗ್ಗಿಸಿದರು.

“ಸುಮಿಮಾಸೆನ್.”

“ಖೈರುನಬಿ ಅಕ್ಕಾ, ಬೆನ್ನು ಇನ್ನೊಂಚೂರು ನೆಟ್ಟಗ ಇರ್ಲಿ,” ಎಂದು ಹಾಲೇಶನ ಬಾಯಿಂದ ತಾನಾಗಿಯೇ ಬಂತು. ಅವಳು ನೆಟ್ಟಗೆ ಮಾಡಿಕೊಂಡಳು.

ಐದರವರೆಗೆ ಎಣಿಸಿ ಮೇಲೆದ್ದ ಮುದುಕಮ್ಮ ಮಗನ ತಲೆ ಸವರಿದಳು. “ಮಾರಿ ಸಣ್ಣದು ಮಾಡ್ಕೋಬ್ಯಾಡೋ, ಹಾಲ್ಯಾ. ಸೀಟು ಹೋದ್ರ ಹೋತು, ಸೀಟಿ ನಿನ್ನ ಹಂತ್ಯಾಕ ಐತಲ್ಲ. ನಾವು ಹೊಂಡೋ ದಿನ ನಮ್ಮ ಬಸ್ಸು ಟೈಮಿಗೆ ಸರಿಯಾಗಿ ಬಿಡಾಕ ನಿನ್ನ ಬಿಟ್ಟು ಬ್ಯಾರೆ ಯಾರದಾರ?”

ಹಾಲೇಶ ಕಿಸೆ ಮುಟ್ಟಿ ನೋಡಿಕೊಂಡ. ಸೀಟಿ ಇತ್ತು.