ತೊಟ್ಟಿಲಿಗೆ ಹದಿನೈದು ಸಾವಿರ ಸರದಿ

ನಮ್ಮ ಮನೆಗೆ ಮೊಮ್ಮಗಳು ಬಂದಿದ್ದಾಳೆ! ತಲೆತುಂಬ ಕೂದಲು, ಅತ್ತರೆ ಕಂಟೋನ್ಮೆಂಟಿನ ನಮ್ಮ ಓಣಿಯೆಲ್ಲ ಎದ್ದು ಕೂಡಬೇಕು. ಮಗನ ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಕೂಸು. ಇಷ್ಟು ಸಂತೋಷವಾದಾಗ ನಿಶ್ಚಿಂತೆಯಿಂದ ಇರಬೇಕಲ್ಲವೇ? ನನಗೆ ಆ ಗುಣವಿಲ್ಲ. ಸಂತೋಷ ಹೆಚ್ಚಾದಷ್ಟೂ ಎಲ್ಲಿ ಏನು ಕೆಡುತ್ತದೋ ಎಂದು ಹುಡುಕುತ್ತ ಕೂರುತ್ತೇನೆ.

ಈ ಸಲದ ಹೆದರಿಕೆ ತೊಟ್ಟಿಲದ್ದು. ಹೆಸರಿಡುವ ದಿನ ಐವರು ಮುತ್ತೈದೆಯರು ಒಬ್ಬರಾದ ಮೇಲೊಬ್ಬರು ಕೂಸಿಗೆ ಕುಂಕುಮ ಹಚ್ಚಿ ತೊಟ್ಟಿಲು ತೂಗಬೇಕು. ಬರುವವರು ಒಂಬತ್ತು ಮಂದಿ. ಕರೆಯುವವಳು ನಾನು, ಕರೆಯುವವಳಿಗೆ ಸರದಿಯಿಲ್ಲ. ಮೊದಲು ಯಾರನ್ನು ಕರೆಯಲಿ? ವಯಸ್ಸು ನೋಡಿದರೆ ತೆಕ್ಕಲಕೋಟೆಯ ವಾರಗಿತ್ತಿ ಗೌರಕ್ಕ. ಹಕ್ಕು ನೋಡಿದರೆ ಬಾದನಹಟ್ಟಿಯ ಬೀಗತಿ, ಸೊಸೆಯ ತಾಯಿ. ಮಗನ ಮದುವೆಯಲ್ಲಿ ಅರಿಶಿನ ಹಚ್ಚಲು ಮೂರನೆಯವಳಾಗಿ ಕರೆದೆನೆಂದು ಗೌರಕ್ಕ ಎರಡು ವರ್ಷ ನನ್ನ ಫೋನ್ ಎತ್ತಿರಲಿಲ್ಲ.

ಮಗಳ ಮಗಳು ಪಲ್ಲವಿ ಬಿ.ಕಾಂ. ಓದುತ್ತಾಳೆ. "ಒಂಬತ್ತು ಮಂದ್ಯಾಗ ಐದು ಮಂದೀನ ಎಷ್ಟು ಥರ ಕರೀಬಹುದು, ಕಂಪ್ಯೂಟರ್‌ನಾಗ ನೋಡವ್ವ," ಎಂದೆ. ಅವಳು ಎಕ್ಸೆಲ್ ತೆರೆದು, ಒಂದು ಚೌಕದಲ್ಲಿ 'ಪರ್ಮುಟ್' ಎಂದು ಬರೆದು, ಕಂಸದೊಳಗೆ ಒಂಬತ್ತು, ಐದು ಹಾಕಿ ಒತ್ತಿದಳು.

"ಹದಿನೈದು ಸಾವಿರದ ನೂರಾ ಇಪ್ಪತ್ತು, ಅಜ್ಜೀ."

"ಹುಚ್ಚಿ! ಅಷ್ಟು ಮಂದೀನ ಎಲ್ಲಿಂದ ತರ್ಲಿ?"

"ಮಂದಿ ಅಲ್ಲ, ಸರದಿ. ಮೊದಲ್ನೇದಕ್ಕ ಒಂಬತ್ತು ಮಂದ್ಯಾಗ ಯಾರಾದ್ರೂ ಆಗಬಹುದು. ಎರಡನೇದಕ್ಕ ಉಳಿದ ಎಂಟು ಮಂದಿ. ಆಮ್ಯಾಲ ಏಳು, ಆರು, ಐದು. ಎಲ್ಲಾ ಗುಣಿಸಿದ್ರ ಇಷ್ಟು."

ಮೂರನೇ ತರಗತಿ ದಾಟದ ನನಗೆ ತಿಳಿದದ್ದು ಇಷ್ಟೇ: ತಪ್ಪು ಮಾಡಲು ಹದಿನೈದು ಸಾವಿರ ದಾರಿಗಳಿವೆ. "ಇದರಾಗ ಯಾರೂ ಸಿಟ್ಟಾಗದ್ದು ಯಾವುದು?" ಎಂದು ಕೇಳಿದೆ.

"ಅದಕ್ಕ ಫಾರ್ಮುಲಾ ಇಲ್ಲಜ್ಜೀ," ಎಂದಳು. ಅಷ್ಟಕ್ಕೆ ಬಿಡದೆ, ಬಂದವರಿಗೆಲ್ಲ ಆ ಲೆಕ್ಕ ಹೇಳಿಕೊಂಡು ನಕ್ಕಳು.

ಕಾರ್ಯದ ದಿನ ಕುಂಕುಮದ ಬಟ್ಟಲು ಹಿಡಿದು ನಿಂತೆ. ಎದುರಿಗೆ ಒಂಬತ್ತು ಮುಖ. ಅಷ್ಟರಲ್ಲಿ ಕೂಸು ಕಿಟಾರನೆ ಚೀರಿತು. ನಾನು ಯಾರನ್ನೂ ನೋಡಲಿಲ್ಲ. ಓಡಿಹೋಗಿ ಹಣೆಗೆ ಕುಂಕುಮ ಹಚ್ಚಿ ತೊಟ್ಟಿಲು ತೂಗಿಬಿಟ್ಟೆ!

ಗೌರಕ್ಕ ಸೊಂಟದ ಮೇಲೆ ಕೈಯಿಟ್ಟು, "ಲೇ ಪಲ್ಲವಿ, ನಿನ್ನ ಹದಿನೈದು ಸಾವಿರದಾಗ ಈ ಸರದಿ ಐತೇನ ನೋಡು!" ಎಂದಳು.

"ಇಲ್ರೀ ದೊಡ್ಡಜ್ಜಿ. ಅಜ್ಜಿ ಆ ಒಂಬತ್ತು ಮಂದ್ಯಾಗ ಇಲ್ಲೇ ಇಲ್ಲ!"

ಬೀಗತಿ ಸೆರಗು ಬಾಯಿಗೊತ್ತಿ ನಗತೊಡಗಿದರು. "ಕರಿಯೋ ಅಜ್ಜೀನೇ ಮೊದಲಾದ್ರು, ಇನ್ನ ನಮ್ದೇನೈತಿ? ಬರ್ರಿ ಅಕ್ಕಾರ," ಎಂದು ಗೌರಕ್ಕನ ಕೈ ಹಿಡಿದೆಳೆದರು. ಐವರಲ್ಲ, ಒಂಬತ್ತೂ ಮಂದಿ ತೂಗಿದರು.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ನಾನು ಮಾತ್ರ ಯಾರಾದರೂ ಒಳಗೊಳಗೇ ಮುನಿದಿದ್ದಾರೇನೋ ಎಂದು ಒಬ್ಬೊಬ್ಬರ ಮುಖ ನೋಡುತ್ತಿದ್ದೆ. "ಉಣ್ಣು ಮಾರಾಯ್ತಿ, ತುಪ್ಪ ಗಟ್ಟಿ ಆಗಾಕತ್ತೈತಿ," ಎಂದು ಗೌರಕ್ಕ ಗದರಿದಳು. ಎಲ್ಲರೂ ಎರಡನೇ ಹೋಳಿಗೆ ಮುಗಿಸಿದ್ದರು. ನಾನಿನ್ನೂ ಮೊದಲ ತುತ್ತು ಮುರಿದಿರಲಿಲ್ಲ.